ರೂಟ್‌ಬರ್ನ್ ಹಾದಿಯ ಒಂದು ತುಣುಕು

ನ್ಯೂಜಿಲೆಂಡಿನ ರೂಟ್‌ಬರ್ನ್ ಹಾದಿಯ ಉದ್ದ ಸುಮಾರು 32 ಕಿ.ಮೀ.; ಅದನ್ನು ಪೂರ್ತಿ ನಡೆಯಲು ತಂಗುಮನೆಗಳಲ್ಲಿ ಬಹಳ ಮುಂಚೆಯೇ ಜಾಗ ಕಾಯ್ದಿರಿಸಬೇಕು. ನಮಗೆ ಅಷ್ಟು ಪುರುಸೊತ್ತು ಇಲ್ಲದ್ದರಿಂದ, ಟೆ ಆನೌ ಊರಿನಿಂದ ಮಿಲ್ಫರ್ಡ್ ರಸ್ತೆಯಲ್ಲಿ ಹೊರಟು, ‘ಡಿವೈಡ್’ ಎಂಬಲ್ಲಿ ಕಾರು ನಿಲ್ಲಿಸಿ, ಮಾರ್ಗದರ್ಶಕರಿಲ್ಲದೆ ಕೀ ಸಮಿಟ್ ಎಂಬ ಶಿಖರದವರೆಗೆ ಹೋಗಿಬಂದೆವು. ಇದಕ್ಕೆ ಕಾಯ್ದಿರಿಸುವಿಕೆಯೂ ಬೇಡ, ಶುಲ್ಕವೂ ಇಲ್ಲ. ಮೂರು ಗಂಟೆ ಸಾಕು.

ಮೊದಲರ್ಧ ಬೀಚ್ (beech) ಎಂಬ ಜಾತಿಯ ಮರಗಳ ಕಾಡು. ಕಾಂಡ, ಬೇರು, ಬಂಡೆ ಯಾವುದನ್ನೂ ಬಿಡದೆ ಪಾಚಿ ಆವರಿಸಿದ್ದು, ಬೆರಳೊತ್ತಿದರೆ ನೀರು ಜಿನುಗುತ್ತಿತ್ತು. ಮರಗಳ ಸಾಲು ಮುಗಿದೊಡನೆ, 919 ಮೀಟರ್ ಎತ್ತರದ ಶಿಖರದ ಬಳಿ, ಜವುಗು ನೆಲವನ್ನು ತುಳಿಯದಂತೆ ಹಾಸಿದ ಹಲಗೆಗಳ ಮೇಲೆ ನಡೆಯಬೇಕು.

ಈ ಸಾಧಾರಣ ಎತ್ತರದ ಶಿಖರದ ವೈಶಿಷ್ಟ್ಯವಿರುವುದು ನೀರಿನಲ್ಲಿ: ಇಲ್ಲಿ ಬಿದ್ದ ಮಳೆ ಹಾಲಿಫರ್ಡ್ ನದಿಯ ಮೂಲಕ ಟ್ಯಾಸ್ಮನ್ ಸಮುದ್ರವನ್ನೂ, ಎಗ್ಲಿಂಟನ್ ಕಣಿವೆಯ ಮೂಲಕ ದಕ್ಷಿಣದ ಫೋವೊ ಜಲಸಂಧಿಯನ್ನೂ, ಗ್ರೀನ್‌ಸ್ಟೋನ್ ನದಿ ಹಾಗೂ ವಾಕಟಿಪು ಸರೋವರದ ಮೂಲಕ ಪೂರ್ವದ ಪೆಸಿಫಿಕ್ ಸಾಗರವನ್ನೂ ಸೇರುತ್ತದೆ. ಎದುರಿಗೆ ಡಾರನ್ ಪರ್ವತಗಳ ನಡುವೆ ಮರಿಯನ್ ಸರೋವರವೂ ಕಾಣುತ್ತದೆ, ಮೋಡ ಬಿಟ್ಟುಕೊಟ್ಟರೆ. ಫಿಯೋರ್ಡ್‌ಲ್ಯಾಂಡ್ ಎಂಬ ಈ ಪ್ರದೇಶದಲ್ಲಿ ಅದನ್ನು ನೆಚ್ಚುವಂತಿಲ್ಲ. ಬೆಳಗ್ಗೆ ಎಷ್ಟೇ ಬಿಸಿಲಿದ್ದರೂ ಮಳೆಯಂಗಿಯೂ ಒಂದು ಉಣ್ಣೆಯ ಅಂಗಿಯೂ ಚೀಲದಲ್ಲಿರಲೇಬೇಕು.