ಸೌಲ ಏಳು ದಿನ ಕಾದಿದ್ದ

ಆರಾಧನೆ ಒಂದು ಭಾನುವಾರ, ವಿಧೇಯತೆ ಮುಂದಿನ ಭಾನುವಾರ, ತಾಳ್ಮೆ ಅದರ ಮುಂದಿನದು. ಸಂಡೇ ಸ್ಕೂಲಿನಲ್ಲಿ ಹೀಗೆ ಬಿಡಿಬಿಡಿಯಾಗಿ ಕಲಿಸುವುದು ರೂಢಿ. ಸತ್ಯವೇದದಲ್ಲಿ ಮಾತ್ರ ಅವು ಒಂದರೊಳಗೊಂದು ಸಿಕ್ಕಿಕೊಂಡೇ ಬರುತ್ತವೆ. ಮೂರೂ ಗಂಟು ಬಿದ್ದಿರುವ ಜಾಗ ಯಾವುದು ಅಂದರೆ 1 ಸಮುವೇಲನ 13ನೇ ಅಧ್ಯಾಯ. ಅರಸನೊಬ್ಬ ಕಾಯಲಾರದೆ ಯಜ್ಞ ಮಾಡಿದ, ಆ ಯಜ್ಞವೇ ಅವನ ಅವಿಧೇಯತೆಯಾಯಿತು. ದೇವರನ್ನು ಬಿಟ್ಟು ಓಡಿ ಹೋದವನ ಕಥೆಯಾಗಿದ್ದರೆ ನಮಗೆ ಅಷ್ಟು ತಾಗುತ್ತಿರಲಿಲ್ಲ. ಇವನು ದೇವರ ಕೆಲಸ ಮಾಡುತ್ತಲೇ ತಪ್ಪಿದವನು.

ಮನೆ ಪ್ರಾರ್ಥನೆಯಲ್ಲಿ ಒಂದು ವಾರ ಇದನ್ನೇ ಓದಬಹುದು. ಮೊದಲ ರಾತ್ರಿ ಒಂದೇ ವಚನ ಸಾಕು, 10:8. ಸೌಲನಿಗೆ ಇಸ್ರಾಯೇಲಿನ ಮೊದಲ ಅರಸನಾಗಿ ಅಭಿಷೇಕ ಮಾಡಿದ ಪ್ರವಾದಿ ಸಮುವೇಲ ಹೇಳುತ್ತಾನೆ: ಗಿಲ್ಗಾಲಿಗೆ ಹೋಗು, ನಾನು ಅಲ್ಲಿಗೆ ಬಂದು ಯಜ್ಞಗಳನ್ನು ಅರ್ಪಿಸುತ್ತೇನೆ, ನಾನು ಬಂದು ನೀನು ಮಾಡಬೇಕಾದದ್ದನ್ನು ತಿಳಿಸುವ ತನಕ ಏಳು ದಿನ ಕಾದಿರು. ಇದನ್ನು ಎರಡು ಸಲ ಓದಿಸಿ. ಅಪ್ಪಣೆಯಲ್ಲಿ ಎರಡು ತುಂಡುಗಳಿವೆ: ‘ಏಳು ದಿನ’ ಒಂದು, ‘ನಾನು ಬಂದು ತಿಳಿಸುವ ತನಕ’ ಇನ್ನೊಂದು. ಯಜ್ಞ ಯಾರು ಅರ್ಪಿಸಬೇಕು ಎಂಬುದೂ ಅದೇ ಮಾತಿನಲ್ಲಿ ತೀರ್ಮಾನವಾಗಿದೆ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಹೊಳೆಯುತ್ತದೆ.

ಎರಡನೆಯ ರಾತ್ರಿ 13:1-15. ಜೋರಾಗಿ ಓದಿದರೆ ನಾಲ್ಕು ನಿಮಿಷ. ಮೊದಲ ವಚನದಲ್ಲೇ ಯಾರಾದರೂ ಎಡವುತ್ತಾರೆ, ಏಕೆಂದರೆ ಸೌಲನ ವಯಸ್ಸು ಒಂದೊಂದು ಭಾಷಾಂತರದಲ್ಲಿ ಒಂದೊಂದು ಬಗೆ. ಹೀಬ್ರೂ ಮೂಲಪ್ರತಿಯಲ್ಲೇ ಆ ಸಂಖ್ಯೆ ಬಿಟ್ಟುಹೋಗಿದೆ. ಅಷ್ಟು ಹೇಳಿ ಮುಂದೆ ಹೋಗಿ, ಅಲ್ಲೇ ಕೂತರೆ ಪ್ರಾರ್ಥನೆ ಮುಗಿಯುವುದಿಲ್ಲ.

ನಿಲ್ಲಬೇಕಾದ ಜಾಗ 8ರಿಂದ 12. ಸೌಲ ಮೊದಲು ಆರಿಸಿಕೊಂಡ ಜನ 3,000. ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ಸಮುದ್ರತೀರದ ಮರಳಿನಷ್ಟು ಜನ ಸೇರಿಸಿದ್ದಾರೆ. ಇಸ್ರಾಯೇಲ್ಯರು ಗವಿ, ಪೊದೆ, ಹಾಳುಬಾವಿಗಳಲ್ಲಿ ಅಡಗುತ್ತಿದ್ದಾರೆ. ಜತೆಗಿದ್ದವರೂ ಒಬ್ಬೊಬ್ಬರಾಗಿ ಜಾರುತ್ತಿದ್ದಾರೆ, ಕೊನೆಗೆ ಎಣಿಸಿದಾಗ ಉಳಿದದ್ದು ಸುಮಾರು 600. ಏಳನೆಯ ದಿನವೂ ಬಂತು, ಸಮುವೇಲ ಬರಲಿಲ್ಲ. ಸೌಲ ಸರ್ವಾಂಗಹೋಮಕ್ಕೂ ಸಮಾಧಾನಯಜ್ಞಕ್ಕೂ ಬೇಕಾದದ್ದನ್ನು ತರಿಸಿದ, ಮೊದಲನೆಯದನ್ನು ಅರ್ಪಿಸಿದ. ಅದು ಮುಗಿಯುತ್ತಲೇ ಸಮುವೇಲ ಬಂದ. ಎರಡನೆಯ ಯಜ್ಞ ಇನ್ನೂ ಬಾಕಿ ಇತ್ತು. ತಪ್ಪಿದ್ದು ಅಷ್ಟೇ ಹೊತ್ತಿಗೆ.

ಈಗ ಅವನ ಸಮಜಾಯಿಷಿ ನೋಡಿ. ಜನ ಚದರಿಹೋಗುತ್ತಿದ್ದರು, ನೀನು ಹೇಳಿದ ದಿನಕ್ಕೆ ಬರಲಿಲ್ಲ, ಶತ್ರುಗಳು ಸೇರಿಬಿಟ್ಟಿದ್ದರು. ಮೂರು ಕಾರಣ, ಮೂರೂ ನಿಜ. ಈ ಅಧ್ಯಾಯವನ್ನು ಬೋಧಿಸುವವರು ಸೌಲನನ್ನು ಸುಳ್ಳುಗಾರ ಮಾಡಿಬಿಡುತ್ತಾರೆ, ಅಲ್ಲಿಗೆ ಪಾಠ ಕೆಡುತ್ತದೆ. ತಾಳ್ಮೆ ತಪ್ಪುವಾಗ ನಮ್ಮ ಕೈಯಲ್ಲೂ ಸಾಮಾನ್ಯವಾಗಿ ನಿಜವಾದ ಕಾರಣಗಳೇ ಇರುತ್ತವೆ: ಮಗಳಿಗೆ ವಯಸ್ಸಾಗುತ್ತಿದೆ, ಸಾಲಗಾರ ಬಾಗಿಲಲ್ಲಿದ್ದಾನೆ, ಸಭೆಯ ಜನ ಬೇರೆ ಕಡೆ ಹೋಗುತ್ತಿದ್ದಾರೆ. ನಾಲ್ಕನೆಯ ಕಾರಣವನ್ನು ಸೌಲ ಮೆಲ್ಲಗೆ ಸೇರಿಸುತ್ತಾನೆ: ಯೆಹೋವನ ದಯೆಯನ್ನು ಇನ್ನೂ ಬೇಡಿಕೊಂಡಿರಲಿಲ್ಲ, ಆದ್ದರಿಂದ ಮನಸ್ಸು ಗಟ್ಟಿಮಾಡಿಕೊಂಡು ಯಜ್ಞ ಅರ್ಪಿಸಿದೆ. ಭಕ್ತಿಯ ಬಣ್ಣ ಹಚ್ಚಿದ ಅವಸರ ಇದು. ಸಂಬಂಧ ನಿಶ್ಚಯ ಮಾಡಿಕೊಂಡು ಬಂದು ‘ದೇವರ ಚಿತ್ತ ತಿಳಿಯಲಿ’ ಅಂತ ಉಪವಾಸ ಪ್ರಾರ್ಥನೆ ಇಡಿಸುವುದು ಇದೇ ಜಾತಿಯದು.

ಆ ರಾತ್ರಿ ಮನೆಯವರಿಗೆ ಕೇಳಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಸೌಲ ಯಾವ ಕಾರಣ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಿ? ಉತ್ತರ ಬಂದ ಮೇಲೆ ಅದನ್ನು ತಿದ್ದಲು ಹೋಗಬೇಡಿ.

ಅಂದಹಾಗೆ, ಮನೆ ಪ್ರಾರ್ಥನೆ ಹಾಳಾಗುವುದು ಎರಡು ಕಡೆ. ಒಂದು, ಉದ್ದ. ಹದಿನೈದು ನಿಮಿಷಕ್ಕೆ ಮುಗಿಸಿ: ಹಾಡಿನ ಎರಡು ಚರಣ, ಓದು ನಾಲ್ಕೈದು ನಿಮಿಷ, ಒಂದು ನಿಮಿಷ ಸುಮ್ಮನೆ ಕೂರುವುದು, ಒಂದು ಪ್ರಶ್ನೆ, ಇಬ್ಬರ ಪ್ರಾರ್ಥನೆ, ಕರ್ತನ ಪ್ರಾರ್ಥನೆ. ವಾರಕ್ಕೊಂದು ದಿನ ಮುಕ್ಕಾಲು ಗಂಟೆ ಕೂರುವುದಕ್ಕಿಂತ ವಾರದಲ್ಲಿ ಐದು ದಿನ ಹದಿನೈದು ನಿಮಿಷ ಕೂತರೆ ಮನೆಯಲ್ಲಿ ನಿಲ್ಲುತ್ತದೆ. ಎರಡನೆಯದು, ದೇವರನ್ನು ಕರೆದು ಮಕ್ಕಳಿಗೆ ಬಯ್ಯುವುದು. ‘ಕರ್ತನೇ, ಇವನಿಗೆ ಮೊಬೈಲ್ ಕೆಳಗಿಡುವ ಬುದ್ಧಿ ಕೊಡು’ ಅಂದರೆ ಹುಡುಗ ಕಣ್ಣು ಮುಚ್ಚಿಕೊಂಡೇ ಬಾಗಿಲು ಹಾಕಿಕೊಳ್ಳುತ್ತಾನೆ. ಹೇಳುವುದಿದ್ದರೆ ಆಮೆನ್ ಆದ ಮೇಲೆ ಅವನ ಹತ್ತಿರವೇ ಹೇಳಿ. ಮತ್ತಾಯ 5:23-24ರ ಕ್ರಮವೂ ಅದೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು, ಆಮೇಲೆ ಬಂದು ಅರ್ಪಿಸು. ಗಂಡಹೆಂಡತಿ ಮಾತು ಬಿಟ್ಟಿರುವ ರಾತ್ರಿ ಹಾಡಿಗೆ ಮುಂಚೆ ಎರಡು ಮಾತು ಆಡಿಕೊಳ್ಳುವುದು ಪ್ರಾರ್ಥನೆಗೆ ಅಡ್ಡಿ ಅನ್ನಿಸಬೇಕಿಲ್ಲ.

ಮತ್ತೆ ಸೌಲನಿಗೆ ಬರೋಣ. ಮೂರನೆಯ ರಾತ್ರಿ 14:1-23. ಯಾರು ಬಿಟ್ಟುಹೋಗುತ್ತಾರೆಂದು ಸೌಲ ಹೆದರಿದ್ದನೋ ಅವರು ಬೇಕಾಗಲೇ ಇಲ್ಲ. ಸೌಲನ ಮಗ ಯೋನಾತಾನನೂ ಅವನ ಆಯುಧ ಹೊರುವವನೂ ಇಬ್ಬರೇ ಬಂಡೆ ಹತ್ತಿ ಹೋಗಿ ಸುಮಾರು 20 ಜನರನ್ನು ಬೀಳಿಸುತ್ತಾರೆ, ಶತ್ರುವಿನ ಪಾಳೆಯವೇ ನಡುಗುತ್ತದೆ. ಬಹು ಜನರಿಂದಾದರೂ ಸ್ವಲ್ಪ ಜನರಿಂದಾದರೂ ರಕ್ಷಿಸಲು ಯೆಹೋವನಿಗೆ ಅಡ್ಡಿಯಿಲ್ಲ ಎಂದು ಯೋನಾತಾನ ಹೇಳುವುದು ಇಲ್ಲೇ. ಆದರೆ ಅವನ ಮಾತಿನಲ್ಲಿ ‘ಒಂದು ವೇಳೆ’ ಅನ್ನುವುದೂ ಇದೆ: ಒಂದು ವೇಳೆ ಯೆಹೋವನು ನಮಗಾಗಿ ಕಾರ್ಯ ಮಾಡಾನು. ಖಾತ್ರಿ ಕೊಟ್ಟುಕೊಂಡು ಹೊರಟವನಲ್ಲ. ಅತ್ತ 18-19ರಲ್ಲಿ ಸೌಲ ದೇವರ ಚಿತ್ತ ಕೇಳಲು ಯಾಜಕನನ್ನು ಕರೆಸುತ್ತಾನೆ. ಕೇಳುತ್ತಿರುವಾಗಲೇ ಪಾಳೆಯದ ಗದ್ದಲ ಜೋರಾಗುತ್ತದೆ. ‘ನಿನ್ನ ಕೈ ಹಿಂದಕ್ಕೆ ತೆಗೆ’ ಎಂದು ಯಾಜಕನಿಗೆ ಹೇಳಿ ಯುದ್ಧಕ್ಕೆ ಹೊರಟುಬಿಡುತ್ತಾನೆ. ಪ್ರಶ್ನೆ ಕೇಳಿದವನೇ ಉತ್ತರ ಬರುವ ಮೊದಲು ಫೋನ್ ಇಟ್ಟ ಹಾಗೆ. ಇದನ್ನು ಓದಿದ ರಾತ್ರಿ ಆ ಒಂದು ನಿಮಿಷದ ಮೌನ ತಾನಾಗಿಯೇ ಎರಡು ನಿಮಿಷ ಆದರೆ ಆಗಲಿ.

ನಾಲ್ಕನೆಯ ರಾತ್ರಿಯ 14:24-46, ಅಂದರೆ ಸಂಜೆಯ ತನಕ ಯಾರೂ ಉಣ್ಣಬಾರದೆಂದು ಸೌಲ ಇಟ್ಟ ಆಣೆ ತಿಳಿಯದೆ ಯೋನಾತಾನ ಜೇನುತುಪ್ಪ ತಿಂದ ಕಥೆ, ಮಕ್ಕಳಿಗೆ ಇಷ್ಟ. ಅದರ ಕೊನೆ ಮುಖ್ಯ, ಆಮೇಲೆ ಹೇಳುತ್ತೇನೆ.

15ನೇ ಅಧ್ಯಾಯ ಎರಡು ರಾತ್ರಿಯ ಕೆಲಸ, 23ನೇ ವಚನಕ್ಕೆ ನಿಲ್ಲಿಸಿ ಉಳಿದದ್ದು ನಾಳೆಗೆ. ಚಿಕ್ಕ ಮಕ್ಕಳಿದ್ದರೆ ಅಮಾಲೇಕ್ಯರನ್ನೂ ಅವರ ಕುರಿದನಗಳನ್ನೂ ಪೂರ್ತಿ ನಾಶಮಾಡು ಎಂದು ಸೌಲನಿಗೆ ಬಂದ ಅಪ್ಪಣೆಯನ್ನು ಬಿಟ್ಟು 10ನೇ ವಚನದಿಂದ ಓದಿ. ಹೈಸ್ಕೂಲು ದಾಟಿದವರಿದ್ದರೆ ಪೂರ್ತಿ ಓದಿ. ‘ಕೂಸುಗಳನ್ನೂ ಕೊಲ್ಲು ಅಂತ ದೇವರು ಹೇಳಬಹುದಾ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಬಂದರೆ ಒಳ್ಳೆಯದು, ಬಾಯಿ ಮುಚ್ಚಿಸಬೇಡಿ. ಸಾವಿರಾರು ವರ್ಷದಿಂದ ಭಕ್ತರು ಆ ಪ್ರಶ್ನೆಯ ಜತೆ ಒದ್ದಾಡಿದ್ದಾರೆ, ನಿಮ್ಮ ಊಟದ ಮನೆಯಲ್ಲಿ ಒಂದು ರಾತ್ರಿಗೆ ಅದು ಬಗೆಹರಿಯುವುದಿಲ್ಲ.

ಸೌಲ ಯುದ್ಧ ಗೆದ್ದು ಬಂದಿದ್ದಾನೆ. ದಾರಿಯಲ್ಲಿ ಕರ್ಮೆಲಿನಲ್ಲಿ ತನ್ನ ಹೆಸರಿಗೊಂದು ಜ್ಞಾಪಕಸ್ತಂಭ ನಿಲ್ಲಿಸಿಯೂ ಆಗಿದೆ. ‘ಯೆಹೋವನ ಅಪ್ಪಣೆ ನೆರವೇರಿಸಿದ್ದೇನೆ’ ಎಂದು ಎದುರುಗೊಳ್ಳುತ್ತಾನೆ. ಸಮುವೇಲ ವಾದಕ್ಕಿಳಿಯುವುದಿಲ್ಲ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಅರಚಾಟ ಏನು, ದನಗಳ ಕೂಗು ಏನು ಎನ್ನುತ್ತಾನೆ. ಉತ್ತರದಲ್ಲಿ ಸೌಲ ಬಳಸುವ ಸರ್ವನಾಮಗಳನ್ನು ಬೆರಳಿಟ್ಟು ತೋರಿಸಿ. ಒಳ್ಳೆಯ ಕುರಿದನಗಳನ್ನು ಉಳಿಸಿ ತಂದವರು ‘ಜನರು’, ಮಿಕ್ಕದ್ದನ್ನು ನಾಶಮಾಡಿದವರು ‘ನಾವು’. ಉಳಿಸಿದ್ದು ಏತಕ್ಕೆ? ‘ನಿನ್ನ ದೇವರಾದ’ ಯೆಹೋವನಿಗೆ ಯಜ್ಞ ಮಾಡಲಿಕ್ಕೆ. 15, 21, 30, ಮೂರು ಸಲವೂ ‘ನಿನ್ನ ದೇವರು’. ‘ನನ್ನ ದೇವರು’ ಎಂದು ಅವನ ಬಾಯಲ್ಲಿ ಈ ಅಧ್ಯಾಯದಲ್ಲಿ ಬರುವುದೇ ಇಲ್ಲ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಹೀಬ್ರೂವಿನಲ್ಲಿ ‘ಶಮಾ’ ಅಂದರೆ ಕಿವಿಯಿಂದ ಕೇಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ‘ಹೇಳಿದ ಮಾತು ಕೇಳು’ ಅಂತ ಅಮ್ಮ ಗದರುವಾಗ ನಮ್ಮ ‘ಕೇಳು’ವಿಗೂ ಅದೇ ಎರಡು ಅರ್ಥ. ಹಾಗೆಯೇ ‘ಕೋಲ್’ ಎಂಬ ಶಬ್ದಕ್ಕೆ ಧ್ವನಿ, ಸದ್ದು ಎಂಬ ಅರ್ಥ. ಈ ಅಧ್ಯಾಯದಲ್ಲಿ ಯೆಹೋವನ ಮಾತಿಗೂ ‘ಕೋಲ್’, ಕುರಿಗಳ ಕೂಗಿಗೂ ‘ಕೋಲ್’. ಕೊನೆಗೆ 24ನೇ ವಚನದಲ್ಲಿ ಸೌಲ ಒಪ್ಪಿಕೊಳ್ಳುವಾಗಲೂ ಅದೇ ಜೋಡಿ: ಜನರಿಗೆ ಹೆದರಿ ಅವರ ಮಾತು ಕೇಳಿದೆ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬ 22ನೇ ವಚನವನ್ನು ಗೋಡೆಗೆ ತೂಗುಹಾಕಿದವರು ಬಹಳ. ಆದರೆ ಅದರ ಕಾವು ಗೊತ್ತಾಗುವುದು ಹಿಂದೆ ಮುಂದೆ ಈ ಸದ್ದುಗಳನ್ನು ಕೇಳಿಸಿಕೊಂಡಾಗ. ಸೌಲನಿಗೂ ಕಿವಿ ಚೆನ್ನಾಗಿಯೇ ಇತ್ತು, ಅದು ಜನರ ಕಡೆಗೆ ತಿರುಗಿತ್ತು. 30ನೇ ವಚನದಲ್ಲಿ ಅವನ ಬೇಡಿಕೆ ಏನು ನೋಡಿ: ಪಾಪ ಮಾಡಿದ್ದೇನೆ, ಆದರೂ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು, ಜತೆಗೆ ಬಾ, ಆರಾಧನೆ ಮಾಡುತ್ತೇನೆ.

ಈ ಅಧ್ಯಾಯ ಎಲ್ಲಿ ದುರುಪಯೋಗವಾಗುತ್ತದೆ ಎಂಬುದನ್ನೂ ಹೇಳಬೇಕು. ‘ಮಾತು ಕೇಳುವುದು ಉತ್ತಮ’ ಎಂಬುದನ್ನು ಹಿಡಿದುಕೊಂಡು ವೇದಿಕೆ ಮೇಲಿರುವವರ ಮಾತಿಗೆ ಎದುರಾಡಬಾರದು ಎನ್ನುವವರಿದ್ದಾರೆ. ಇದೇ ಪುಸ್ತಕ ಅದನ್ನು ಒಪ್ಪುವುದಿಲ್ಲ. ಜೇನುತುಪ್ಪದ ಕಥೆಯ ಕೊನೆಯಲ್ಲಿ ಅರಸ ಆಣೆ ಇಟ್ಟು ಯೋನಾತಾನ ಸಾಯಲೇಬೇಕು ಎಂದಾಗ ಜನ ಅಡ್ಡ ನಿಂತು ಅವನನ್ನು ಉಳಿಸಿಕೊಳ್ಳುತ್ತಾರೆ. 22:17ರಲ್ಲಿ ನೋಬಿನ ಯಾಜಕರನ್ನು ಕೊಲ್ಲಿರಿ ಎಂದು ಸೌಲ ಹೇಳಿದಾಗ ಅವನ ಸ್ವಂತ ಸೇವಕರೇ ಕೈ ಎತ್ತುವುದಿಲ್ಲ. ಆ ಮಾತು ಕೇಳಿದವನು ಎದೋಮ್ಯನಾದ ದೋಯೇಗ. ಅವನು ಆ ದಿನ ಕೊಂದದ್ದು 85 ಯಾಜಕರನ್ನು. ಇದನ್ನೂ ಮನೆಯಲ್ಲಿ ಓದಿ, ವಿಶೇಷವಾಗಿ ದಶಮಾಂಶ ಕೊಡದಿದ್ದರೆ ಶಾಪ ಎಂದು ಹೆದರಿಸುವ ಕೂಟಗಳಿಗೆ ಹೋಗಿ ಬರುವವರಿದ್ದರೆ.

ತಾಳ್ಮೆಗೂ ಇದೇ ಗತಿ. ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ತಾಳಿಕೋ ತಾಯಿ, ದೇವರು ಬದಲಾಯಿಸುತ್ತಾನೆ’ ಎನ್ನುವ ಹಿರಿಯರು 19:10ನ್ನು ಓದಲಿ. ಸೌಲ ಈಟಿ ಎಸೆದಾಗ ಅವನ ನಂತರ ಅರಸನಾಗಲಿದ್ದ ದಾವೀದ ತಪ್ಪಿಸಿಕೊಂಡ, ಆ ರಾತ್ರಿಯೇ ಓಡಿಹೋದ. ಅರಮನೆಯಲ್ಲಿ ನಿಂತು ಇನ್ನೊಂದು ಈಟಿಗೆ ಕಾಯಲಿಲ್ಲ. ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೂ ಅಲ್ಲ. 13ನೇ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ ‘ಎಷ್ಟರ ತನಕ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ.

ನಮ್ಮ ಸತ್ಯವೇದದಲ್ಲಿ ಇದಕ್ಕೆ ಎರಡು ಪದಗಳಿವೆ. ಕಷ್ಟದ ಕೆಳಗೆ ಕುಸಿಯದೆ ನಿಲ್ಲುವುದು ‘ತಾಳ್ಮೆ’, ರೋಮಾಪುರದವರಿಗೆ 5:3ರಲ್ಲಿರುವಂತೆ. ಜನರ ವಿಷಯದಲ್ಲಿ ಸಿಟ್ಟನ್ನು ದೂರ ತಳ್ಳುವುದು ‘ದೀರ್ಘಶಾಂತಿ’, ಗಲಾತ್ಯ 5:22ರ ಆತ್ಮದ ಫಲಗಳಲ್ಲಿ ಬರುವುದು. ಯಾಕೋಬ 5:7 ರೈತನನ್ನು ತೋರಿಸುವಾಗ ಕನ್ನಡದಲ್ಲಿ ಮುಂಗಾರು, ಹಿಂಗಾರು ಅಂತ ಇದೆ. ನಮ್ಮ ಕಣ್ಣಿಗೆ ಜೂನ್ ತಿಂಗಳ ಮಳೆ ಬರುತ್ತದೆ, ಅಲ್ಲೇ ಸ್ವಲ್ಪ ಎಡವಟ್ಟು. ಆ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್-ನವೆಂಬರಿನದು. ಬೇಸಿಗೆಯಲ್ಲಿ ಕಲ್ಲಾದ ನೆಲ ಮೆತ್ತಗಾಗಿ ಉತ್ತು ಬಿತ್ತುವುದು ಆಗ. ಕಡೆಯ ಮಳೆ ಮಾರ್ಚ್-ಏಪ್ರಿಲಿನದು, ಕಾಳು ತುಂಬಲು. ನಡುವೆ ನಾಲ್ಕೈದು ತಿಂಗಳು. ರೈತ ಆ ತಿಂಗಳುಗಳಲ್ಲಿ ಕೈ ಕಟ್ಟಿ ಕೂತಿರುವುದಿಲ್ಲ, ಆದರೆ ಮಳೆಯನ್ನು ಎಳೆದು ತರಲೂ ಆಗುವುದಿಲ್ಲ.

ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಯೆರೆಮೀಯ 29:11, ಅಂದರೆ ನಿಮ್ಮ ವಿಷಯದಲ್ಲಿ ಹಿತದ ಯೋಚನೆಯನ್ನೇ ಮಾಡಿದ್ದೇನೆ ಎಂಬ ದೇವರ ಮಾತು, ಸಿಕ್ಕಿದವರು ಅದರ ಹಿಂದಿನ ವಚನವನ್ನೂ ಕಾರ್ಡಿನ ಬೆನ್ನಿಗೆ ಬರೆದಿಟ್ಟುಕೊಳ್ಳಿ. ಅಲ್ಲಿ ಹೇಳಿರುವ ಅವಧಿ 70 ವರ್ಷ. ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು, ಓದಿದ ದೊಡ್ಡವರಲ್ಲಿ ಹೆಚ್ಚಿನವರು ತಿರುಗಿ ಊರು ನೋಡುವವರಲ್ಲ. ಎರಡೇ ವರ್ಷ ಎಂದು ಹೇಳಿದ ಪ್ರವಾದಿಯೂ ಇದ್ದ, ಹನನ್ಯ, 28ನೇ ಅಧ್ಯಾಯದಲ್ಲಿ. ಅವನ ಕಾರ್ಡು ಚೆನ್ನಾಗಿ ಖರ್ಚಾಗುತ್ತಿತ್ತು. ಯೆರೆಮೀಯ ಕೊಟ್ಟ ಕೆಲಸ ಬೇರೆ: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ಏಳನೆಯ ರಾತ್ರಿಗೆ 1 ಸಮುವೇಲನ 24ನೇ ಅಧ್ಯಾಯ, ದಾವೀದ ಅಡಗಿರುವ ಏಂಗೆದಿಯ ಗವಿ. ಸೌಲ ತಾನಾಗಿ ಒಳಗೆ ಬಂದಿದ್ದಾನೆ. ದಾವೀದನ ಜನರು ಕಿವಿಯಲ್ಲಿ ಹೇಳುತ್ತಾರೆ: ಶತ್ರುವನ್ನು ನಿನ್ನ ಕೈಗೆ ಕೊಡುತ್ತೇನೆಂದು ಯೆಹೋವನು ಹೇಳಿದ ದಿನ ಇದೇ. ವಾಗ್ದಾನ, ಅವಕಾಶ, ಜನರ ಒತ್ತಾಯ, ಗಿಲ್ಗಾಲಿನಲ್ಲಿ ಸೌಲನಿಗಿದ್ದದ್ದಕ್ಕಿಂತ ಒಂದು ಕೈ ಹೆಚ್ಚೇ. ದಾವೀದ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿ ತಂದ, ಅದಕ್ಕೂ ಅವನ ಮನಸ್ಸು ಚುಚ್ಚಿತು. ಮನೆಯಲ್ಲಿ ಸಣ್ಣ ದನಿಯವರು ಯಾರಾದರೂ ಇದ್ದರೆ ಈ ಭಾಗ ಅವರೇ ಓದಲಿ. ಗವಿಯೊಳಗಿನ ಮಾತು, ಜೋರಾಗಿ ಓದಿದರೆ ಸೌಲ ಎದ್ದುಬಿಡುತ್ತಾನೆ.