ಒಂದು ಲೆಮ್ಮಾ, ಮೂರು ವಾರ

ಪಿಎಚ್‌ಡಿ ಮೂರನೇ ವರ್ಷ. ಒಂದೇ ಲೆಮ್ಮಾ (ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಸಣ್ಣ ಪ್ರಮೇಯ) ಸಾಧಿಸೋಕೆ ಹಿಡಿದು ಮೂರು ವಾರ ಆಯಿತು. ನಿನ್ನೆ ರಾತ್ರಿ ಸಿಕ್ಕೇಬಿಟ್ಟಿತು ಅಂದುಕೊಂಡೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದರೆ ಒಂದು ಚಿಹ್ನೆಯೇ ಉಲ್ಟಾ!

ಸುಮ್ನೆ ಕೂತಾಗ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ನೆನಪಾದರು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಕೋಲ್ಕತ್ತಾದಲ್ಲಿ ಪಾಠ ಮಾಡುವಾಗ ದೊಡ್ಡ ಸ್ಯಾಂಪಲ್‌ಗೆ ಹೊಂದುವ ಫಿಶರ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರ ಫಲಿತಾಂಶವೊಂದನ್ನು ಹೇಳಿದರಂತೆ. ಸಣ್ಣ ಸ್ಯಾಂಪಲ್‌ಗೆ ಯಾಕಾಗಲ್ಲ ಅಂತ ವಿದ್ಯಾರ್ಥಿಯೊಬ್ಬ ಕೇಳಿದನಂತೆ. ಇವರು ರಾತ್ರಿ ಕೂತು ಸಾಧಿಸಿ, ಮರುದಿನ ಕ್ಲಾಸಿನಲ್ಲೇ ತೋರಿಸಿದರಂತೆ. ಅದೇ 1945ರಲ್ಲಿ ಅಚ್ಚಾದ, ಈಗ ನಾವೆಲ್ಲ ಓದುವ ಕ್ರೇಮರ್-ರಾವ್ ಮಿತಿ, ಅಂದರೆ ಸ್ಯಾಂಪಲ್ ನೋಡಿ ಮಾಡುವ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದರ ಗಡಿ. ಆಗಿನ್ನೂ ಅವರಿಗೆ ಪಿಎಚ್‌ಡಿ ಆಗಿರಲಿಲ್ಲ! ಕೇಂಬ್ರಿಜ್‌ನಲ್ಲಿ ಅದು ಸಿಕ್ಕಿದ್ದು 1948ರಲ್ಲಿ.

ನನ್ನ ಕ್ಲಾಸಿನಲ್ಲೂ ಪ್ರಶ್ನೆ ಬರುತ್ತೆ. 'ಸಾರ್, ಇದು ಪರೀಕ್ಷೆಗೆ ಇದೆಯಾ?'