ನನ್ನ ರೊಟ್ಟಿ ಹುಡುಗ್ರಿಗಿ ಕೊಡ್ರಿ

"ಕಾಳ ಮುಗದಾವ. ನನ್ನ ರೊಟ್ಟಿ ಹುಡುಗ್ರಿಗಿ ಕೊಡ್ರಿ."

ಸೋಮವಾರ ಕಲಬುರಗಿಯ ದವಾಖಾನೆಯೊಂದರ ಮನೋರೋಗ ವಿಭಾಗದ ಬಾಕಿನ ಮೇಲೆ ಕೂತಿದ್ದ ಮುತ್ಯಾ ಆಡಿದ್ದು ಇಷ್ಟೇ. ಎಪ್ಪತ್ತು ದಾಟಿದ ಜೀವ, ಆಳಂದ ಕಡೆಯ ಒಕ್ಕಲುತನದ ಮನೆ. ಏನು ಕೇಳಿದರೂ ಉತ್ತರ ಹೊರಡಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಹೊರಟರೆ ಮತ್ತದೇ ಮಾತು, ನೆಲ ನೋಡುತ್ತ, ಒಣಗಿದ ತುಟಿಯಲ್ಲಿ. ಪಕ್ಕದಲ್ಲಿದ್ದ ಹಿರಿಮಗನ ಮುಖದಲ್ಲಿ ಒಂಥರದ ಹೆಮ್ಮೆಯೇ ಇತ್ತು. "ನಮ್ಮಪ್ಪ ಮೊದಲಿಂದ ಹಂಗೇರಿ, ತನಗಂತ ಏನೂ ಇಟ್ಕೊಂಡವ ಅಲ್ಲ. ಈಗಂತೂ ಪೂರಾ ವೈರಾಗ್ಯ ಬಂದದ." ಹಿಂದೆ ನಿಂತಿದ್ದ ಸೊಸೆ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಅಂದಳು: "ಮನ್ಯಾಗ ಇಪ್ಪತ್ತೆರಡ ಚೀಲ ತೊಗರಿ ಅದಾವ್ರಿ. ಮಾವನೋರೇ ನಿಂತು ಎಣಿಸ್ಯಾರ."

ಆ ಒಂದು ಮಾತಿಗೆ ಇಡೀ ಚಿತ್ರ ತಿರುಗಿಬಿತ್ತು. ತಾನೇ ಎಣಿಸಿ ಒಟ್ಟಿಸಿದ ಚೀಲಗಳ ಪಕ್ಕದಲ್ಲೇ ಮಲಗಿ ಕಾಳು ಮುಗಿದಿವೆ ಎಂದು ನಂಬುವುದು ತ್ಯಾಗವಲ್ಲ, ಭ್ರಮೆ. ತೀವ್ರ ಖಿನ್ನತೆ ಮುದುಕರಲ್ಲಿ ತರುವ ಭ್ರಮೆಗಳು ಹೆಚ್ಚಾಗಿ ಹೀಗೇ ಇರುತ್ತವೆ: ಮನೆ ದಿವಾಳಿಯಾಗಿದೆ, ನಾನು ಮಾಡಿದ ಪಾಪ ಮಕ್ಕಳಿಗೆ ತಟ್ಟುತ್ತಿದೆ, ಕರುಳು ಕೊಳೆತಿದೆ, ಹೊಟ್ಟೆಯೇ ಇಲ್ಲ. ಫ್ರಾನ್ಸಿನ ವೈದ್ಯ ಜೂಲ್ ಕೊತಾರ್ 1880ರಲ್ಲೇ ಇಂಥವರನ್ನು ವಿವರಿಸಿದ್ದ. ಅಂಗಾಂಗಗಳೇ ಇಲ್ಲ, ಉಣ್ಣುವ ಅಗತ್ಯವೂ ಇಲ್ಲ ಅನ್ನುತ್ತಿದ್ದವರು ಅವರು. ನಮ್ಮಲ್ಲಿ ಅದು ಜೋಳ, ತೊಗರಿ, ರೊಟ್ಟಿಯ ಭಾಷೆಯಲ್ಲಿ ಬರುತ್ತದೆ.

ಮಗನನ್ನು ಬೈಯಬೇಕು ಅನಿಸುವುದಿಲ್ಲ. ಉಣ್ಣುವುದು ಬಿಟ್ಟ ಮುದುಕ, ಮಾತು ಬಿಟ್ಟ ಮುದುಕ, ಆಸೆ ಬಿಟ್ಟ ಮುದುಕ, ಈ ಮೂವರನ್ನು ಕಂಡರೂ ಕೈ ಮುಗಿಯುವ ಸೀಮೆ ಇದು. ರೋಗ ಅದೇ ವೇಷದಲ್ಲಿ ಬಂದರೆ ಗುರುತು ಹತ್ತುವುದು ಕಷ್ಟ. ಆದರೆ ವಿರಕ್ತನಾದವನು ಮೊಮ್ಮಗ ತೊಡೆ ಏರಿದರೆ ನಗುತ್ತಾನೆ. ನಸುಕಿನ ಮೂರಕ್ಕೆ ಎದ್ದು ಕೈ ಹಿಸುಕಿಕೊಳ್ಳುತ್ತ ಬಾಗಿಲಿಗೂ ಒಲೆಗೂ ನಡುವೆ ಓಡಾಡುವುದಿಲ್ಲ. ಬಿಟ್ಟವನಿಗೆ ಹಗುರ ಆಗಬೇಕು. ಈ ಮುತ್ಯಾನಿಗೆ ಆಗಿದ್ದು ಭಯ. "ವೈರಾಗ್ಯ ಬಂದದ" ಎಂದು ಮಗ ಎರಡನೇ ಸಲ ಅಂದಾಗ ನನ್ನ ಕಣ್ಣು ಮುತ್ಯಾನ ಕೈಗಳ ಮೇಲೇ ಇತ್ತು. ಹೆಬ್ಬೆರಳ ಪಕ್ಕದ ಚರ್ಮ ಕೆರೆದು ಕೆರೆದು ಹಸಿಯಾಗಿತ್ತು.

ಸೊಸೆಯ ಲೆಕ್ಕ ಮಾತ್ರ ಯಾವ ಮಾಪಕಕ್ಕೂ ಕಡಿಮೆ ಇರಲಿಲ್ಲ. ದಸರೆಗೆ ಹೊತ್ತಿಗೆ ಮೂರು ರೊಟ್ಟಿ. ದೀಪಾವಳಿ ಮುಗಿದ ಮೇಲೆ ಎರಡು, ಕಟ್ಟೆಗೆ ಹೋಗುವುದು ಬಂದ್. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಬರಲಿಲ್ಲ, ಹುಟ್ಟಿದಾಗಿನಿಂದ ಅದೇ ಮೊದಲು. ಸಂಕ್ರಾಂತಿಗೆ ಒಂದು. ಈಗ ಎಂಟು ದಿನದಿಂದ ಕಾಲು ರೊಟ್ಟಿ, ಎರಡು ಗುಟುಕು ಚಹಾ. ಉಡದಾರ ಸೊಂಟದಲ್ಲಿ ನಿಲ್ಲದೆ ಜಾರುತ್ತಿದೆ ಅಂತಲೂ ಹೇಳಿದಳು. ತೂಕ ಇಳಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಬೆಳಿಗ್ಗೆ ಎಲ್ಲಕ್ಕಿಂತ ಕೆಟ್ಟ, ಸಂಜೆ ಹೊತ್ತಿಗೆ ಜರಾ ಮಾತಾಡುತ್ತಾರೆ ಅನ್ನುವುದನ್ನೂ ಅವಳೇ ಗಮನಿಸಿದ್ದಳು. ನಸುಕಿಗೆ ಎಚ್ಚರ, ಬೆಳಿಗ್ಗೆ ಭಾರ, ಸಂಜೆ ತುಸು ಸಡಿಲ: ತೀವ್ರ ಖಿನ್ನತೆಯ ಹಳೆಯ ಗುರುತುಗಳಿವು. ಊರಲ್ಲಿ ಅವಳ ಮಾತು ಯಾರೂ ಕೇಳಿರಲಿಲ್ಲ ಅನ್ನುವುದು ಅವಳು ಹೇಳುವ ರೀತಿಯಿಂದಲೇ ಗೊತ್ತಾಗುತ್ತಿತ್ತು.

ಹಬ್ಬ ಹಿಡಿದು ಕೇಳುವುದರಿಂದ ಇನ್ನೊಂದು ಲಾಭವಿದೆ. ಮಗನಿಗೆ ಇದು ಅರಳು ಮರಳು ಅನ್ನುವ ಅನುಮಾನವೂ ಇತ್ತು. ಮರೆಗುಳಿ ರೋಗ ಯಾವ ಹಬ್ಬಕ್ಕೆ ಶುರುವಾಯಿತೆಂದು ಮನೆಯವರಿಗೆ ಹೇಳಲು ಬರುವುದಿಲ್ಲ. "ಎರಡ ವರ್ಷ ಆಗಿರಬೇಕ್ರಿ, ಮೂರೂ ಆಗಿರಬಹುದು" ಅನ್ನುತ್ತಾರೆ. ಖಿನ್ನತೆಗೆ ವಾರ, ತಿಂಗಳ ಲೆಕ್ಕ ಸಿಗುತ್ತದೆ. ಮರೆವಿರುವವರು ಇವತ್ತು ಯಾವ ವಾರ ಎಂದು ಕೇಳಿದರೆ ಏನೋ ಒಂದು ತಪ್ಪು ಉತ್ತರ ಕೊಡುತ್ತಾರೆ, ಮರೆವನ್ನು ಮುಚ್ಚಿಕೊಳ್ಳುತ್ತಾರೆ. ಖಿನ್ನರಾದವರು "ಗೊತ್ತಿಲ್ಲ, ನನ್ನ ತಲಿ ಹೋಗ್ಯಾದ" ಎಂದು ಸುಮ್ಮನಾಗುತ್ತಾರೆ. ಎರಡೂ ಒಟ್ಟಿಗೇ ಇರುವುದುಂಟು. ಇಳಿವಯಸ್ಸಿನ ಖಿನ್ನತೆ ಮುಂದೆ ಮರೆವಿಗೆ ತಿರುಗುವುದೂ ಉಂಟು. ಹಾಗಾಗಿ ಮನಸ್ಸು ಸುಧಾರಿಸಿದ ಮೇಲೆ ನೆನಪಿನ ಪರೀಕ್ಷೆ ಮತ್ತೊಮ್ಮೆ ಮಾಡಲೇಬೇಕು. ಹೌದು, ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ವೃದ್ಧಾಪ್ಯದ ಖಿನ್ನತೆ ಮಾಪಕವಿದೆ, ಅಕ್ಷರ ಬಾರದವರಿಗೆ ಓದಿ ಹೇಳಿದರೂ ನಡೆಯುತ್ತದೆ. ಅಂಕ 5 ದಾಟಿದರೆ ಅನುಮಾನ, 10 ದಾಟಿದರೆ ಹೆಚ್ಚುಕಡಿಮೆ ಖಚಿತ. ಆದರೆ ಬಾಯಿಯೇ ಬಿಡದ ಮುತ್ಯಾನ ಮುಂದೆ ಆ ಹಾಳೆ ಬರೀ ಹಾಳೆ.

ಚೀಟಿಗಳ ಕಟ್ಟು ಬಿಚ್ಚಿದಾಗ ಸಿಟ್ಟು ಬಂದಿದ್ದು ನಿಜ. ಮೂರು ತಿಂಗಳಲ್ಲಿ ನಾಲ್ಕು ಸಲೈನ್, ಶಕ್ತಿಗೆಂದು ಸೂಜಿ, ಹೊಟ್ಟೆ ಉರಿಗೆ ಗುಳಿಗೆ, ಮೊಳಕಾಲಿಗೆ ನೋವಿನ ಗುಳಿಗೆ, ನಿದ್ದೆಗೆ ಅಲ್‌ಪ್ರಜೋಲಾಮ್. ಮುದುಕರು "ಬ್ಯಾಸರ" ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಎದೆ ಢವಢವ, ಹೊಟ್ಟೆ ಕಟ್ಟಿದೆ, ಮೈ ಉರಿ, ತ್ರಾಣ ಇಲ್ಲ ಅನ್ನುತ್ತಾರೆ. ಹೇಳಿದ್ದಕ್ಕೊಂದು ಗುಳಿಗೆ ಸಿಗುತ್ತದೆ, ಹೇಳದೇ ಇದ್ದದ್ದು ಹಾಗೇ ಉಳಿಯುತ್ತದೆ. ಅಲ್‌ಪ್ರಜೋಲಾಮ್ ಖಿನ್ನತೆಯನ್ನು ವಾಸಿ ಮಾಡುವುದಿಲ್ಲ. ರಾತ್ರಿ ಬಚ್ಚಲಿಗೆ ಎದ್ದವರನ್ನು ಬೀಳಿಸಿ ಸೊಂಟದ ಎಲುಬು ಮುರಿಸಬಲ್ಲದು. ಅದನ್ನು ಒಮ್ಮೆಲೆ ನಿಲ್ಲಿಸುವಂತೆಯೂ ಇಲ್ಲ, ಹಂತಹಂತವಾಗಿ ಇಳಿಸಬೇಕು. ಖಿನ್ನತೆಗೆ ಕೊಡುವ ಹಳೆಯ ಗುಳಿಗೆ ಅಮಿಟ್ರಿಪ್ಟಿಲಿನ್ ಕೊಟ್ಟರೆ ಈ ವಯಸ್ಸಿನ ಗಂಡಸರಿಗೆ ಮೂತ್ರ ಕಟ್ಟಿಕೊಳ್ಳಬಹುದು, ತಲೆ ಮಬ್ಬಾಗಬಹುದು.

ದಾಖಲಿಸಿ ಮೊದಲು ರಕ್ತ ತೆಗೆದರು: ಹಿಮೋಗ್ಲೋಬಿನ್, ಸಕ್ಕರೆ, ಕಿಡ್ನಿ, ಥೈರಾಯ್ಡ್, ಬಿ12, ಸೋಡಿಯಂ, ಪೊಟ್ಯಾಸಿಯಂ, ಜೊತೆಗೆ ಇಸಿಜಿ. ಥೈರಾಯ್ಡ್ ಕಡಿಮೆಯಾದರೂ ಬಿ12 ಕಡಿಮೆಯಾದರೂ ಇದೇ ಥರದ ಮಂಕು ಹಿಡಿಯಬಹುದು. ವಾರಗಟ್ಟಲೆ ಉಣ್ಣದವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡಬೇಕು, ಇಲ್ಲದಿದ್ದರೆ ಮಿದುಳಿಗೇ ಪೆಟ್ಟು. ಊಟವೂ ಸ್ವಲ್ಪಸ್ವಲ್ಪವೇ ಏರಬೇಕು. ಹೊಟ್ಟೆತುಂಬ ಉಣಿಸಿ ಪುಣ್ಯ ಕಟ್ಟಿಕೊಳ್ಳಲು ಬಂದ ನೆಂಟರನ್ನು ತಡೆಯುವುದೇ ಒಂದು ಕೆಲಸವಾಯಿತು.

ಮಗನನ್ನು ಚಹಾಕ್ಕೆ ಕಳಿಸಿ ಕೇಳಬೇಕಾದ್ದೂ ಇತ್ತು. ಅದಕ್ಕೆ ಮೆಟ್ಟಿಲುಗಳಿವೆ. "ಜೀಂವಕ್ಕ ಬ್ಯಾಸರ ಆಗ್ಯಾದೇನ್ರಿ ಮುತ್ಯಾ? ದೇವರು ಕರಕೊಂಡ್ರ ಛಲೋ ಅನಸ್ತದೇನು? ನೀವೇ ಏನರೆ ಮಾಡ್ಕೋಬೇಕು ಅನಸ್ಯಾದೇನು?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು, ಕೇಳದಿದ್ದರೆ ಇರುವ ಯೋಚನೆ ಒಳಗೇ ಉಳಿಯುತ್ತದೆ. ವಯಸ್ಸಾದವರು ಆತ್ಮಹತ್ಯೆಗೆ ಪ್ರಯತ್ನಿಸಿದರೆ ಬದುಕುಳಿಯುವುದು ಹರೆಯದವರಿಗಿಂತ ಕಡಿಮೆ. ಮೂರನೇ ಪ್ರಶ್ನೆಗೆ ಮುತ್ಯಾ ಉತ್ತರ ಕೊಡಲಿಲ್ಲ, ತಲೆ ಮಾತ್ರ ಇನ್ನಷ್ಟು ಕೆಳಗಿಳಿಯಿತು. ಅದನ್ನು "ಇಲ್ಲ" ಎಂದು ಬರೆದುಕೊಳ್ಳುವಂತಿರಲಿಲ್ಲ. ತೊಗರಿಗೆ ಹೊಡೆದು ಉಳಿದ ಔಷಧ ಎಲ್ಲಿದೆ ಎಂದು ಸೊಸೆಯನ್ನು ಕೇಳಿದರೆ, ಪೆಟ್ಟಿಗೆಯಲ್ಲಿ ಬೀಗ ಹಾಕಿದೆ ಅಂದಳು. ಕೀಲಿ? ಬಾಗಿಲ ಪಕ್ಕದ ಮೊಳೆಗೆ. ಅಂದೇ ಮೈದುನನಿಗೆ ಫೋನ್ ಹೋಯಿತು, ಡಬ್ಬಿ ಮನೆ ಬಿಟ್ಟು ಹೋಯಿತು. ಇಂಥ ರಾತ್ರಿಗಳಲ್ಲಿ ಒಬ್ಬರು ಮುದುಕರ ಕೋಣೆಯಲ್ಲೇ ಮಲಗಬೇಕು, ಮೂರು ಗಂಟೆಯ ಹೊತ್ತಿಗೆ ಎಚ್ಚರ ಇರಬೇಕು. ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಮುಂದುವರಿಯದ ಖಿನ್ನತೆಯಾಗಿದ್ದರೆ ಗುಳಿಗೆ, ಮಾತು, ದಿನಕ್ಕೊಂದು ಸಣ್ಣ ಕೆಲಸ ಸಾಕಾಗುತ್ತಿತ್ತು. ಸರ್ಟ್ರಲಿನ್ 25 ಮಿಲಿಗ್ರಾಂ, ವಾರದ ಮೇಲೆ 50. ನಿದ್ದೆ, ಹಸಿವು ಎರಡೂ ಹೋಗಿದ್ದರೆ ರಾತ್ರಿ ಮಿರ್ಟಜಪಿನ್ 7.5ರಿಂದ. ಎಡವುವುದು ಸೋಡಿಯಂ ವಿಚಾರದಲ್ಲಿ. ಬಿಪಿಗೆ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ ತಗೊಳ್ಳುವವರಿಗೆ ಸರ್ಟ್ರಲಿನ್‌ನಂಥ ಔಷಧ ಸೇರಿದರೆ ಮೊದಲ ಕೆಲವು ವಾರಗಳಲ್ಲೇ ಸೋಡಿಯಂ ಇಳಿಯಬಹುದು. ಮಂಪರು, ತೂರಾಟ, ಗೊಂದಲ. ಮನೆಯವರಿಗೆ ರೋಗ ಹೆಚ್ಚಾದಂತೆ ಕಾಣುತ್ತದೆ. ಶುರು ಮಾಡುವ ಮುನ್ನ ಒಮ್ಮೆ, ಎರಡು ವಾರಕ್ಕೆ ಇನ್ನೊಮ್ಮೆ ರಕ್ತ ನೋಡಿದರೆ ತಪ್ಪುವ ಅನಾಹುತ. ಇನ್ನು ಗುಳಿಗೆ ಹಿಡಿಯಲು ನಾಲ್ಕರಿಂದ ಆರು ವಾರ, ಮುದುಕರಿಗೆ ಅದಕ್ಕೂ ಹೆಚ್ಚು. ಕಾಲು ರೊಟ್ಟಿಯಲ್ಲಿದ್ದ ಮುತ್ಯಾನಿಗೆ ಅಷ್ಟು ವಾರಗಳಿರಲಿಲ್ಲ.

ಹಾಗಾಗಿ ಇಸಿಟಿ, ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ. ಹೆಸರು ಕೇಳಿದ್ದೇ ಮಗ ಎದ್ದು ನಿಂತ. "ಕರೆಂಟ್ ಹಚ್ತೀರೇನ್ರಿ ನಮ್ಮಪ್ಪಗ?" ಸಿನಿಮಾ ತೋರಿಸಿದ್ದನ್ನೇ ಅವನೂ ನೋಡಿದ್ದಾನೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಸೂಜಿ ಕೊಟ್ಟು, ಕೆಲವೇ ಸೆಕೆಂಡು ವಿದ್ಯುತ್ ಹಾಯಿಸುತ್ತಾರೆ. ಮಿದುಳಿನಲ್ಲಿ ಒಂದು ನಿಮಿಷದೊಳಗೆ ಮುಗಿಯುವ ಫಿಟ್ಸ್ ಬರುತ್ತದೆ, ಮೈ ಹೆಚ್ಚು ಅಲುಗುವುದೂ ಇಲ್ಲ. ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಆರು ತಾಸು ಮೊದಲೇ ಊಟ ಬಂದ್, ಕಟ್ಟಿಸಿದ ಹಲ್ಲು ತೆಗೆದಿಡಬೇಕು. ವಾರಕ್ಕೆ ಎರಡೋ ಮೂರೋ ಸಲ, ಒಟ್ಟು ಆರರಿಂದ ಹನ್ನೆರಡು. ತಲೆನೋವು ಬರಬಹುದು, ಅವತ್ತಿನ ಗೊಂದಲ ಇರಬಹುದು, ಈ ವಾರಗಳ ನೆನಪಿನಲ್ಲಿ ಕೆಲವು ತೂತು ಉಳಿಯಬಹುದು. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೇ ಇರಬೇಕು, ಮಗ ಕೂತ. ಭ್ರಮೆ ಸೇರಿದ ಖಿನ್ನತೆಗೆ, ಅದೂ ಇಳಿವಯಸ್ಸಿನಲ್ಲಿ, ಇದಕ್ಕಿಂತ ಬೇಗ ಕೆಲಸ ಮಾಡುವ ಚಿಕಿತ್ಸೆ ಇಲ್ಲ. "ಏನಾರ ಮಾಡ್ರಿ" ಎಂದ ಮುತ್ಯಾನ ಮಾತು ಒಪ್ಪಿಗೆ ಅನಿಸಿಕೊಳ್ಳುವುದಿಲ್ಲ. ಅವರ ಪರವಾಗಿ ನಿರ್ಧರಿಸುವ ಪ್ರತಿನಿಧಿಯಾಗಿ ಮಗ ಸಹಿ ಮಾಡಬೇಕಾಯಿತು. ವಾಸಿಯಾದ ಮೇಲೂ ಗುಳಿಗೆ ಕನಿಷ್ಠ ಒಂದು ವರ್ಷ ಅಂದಾಗ ಅವನ ಮುಖ ಮತ್ತೆ ಸಣ್ಣದಾಯಿತು. ಛಲೋ ಆಗ್ಯಾನಲ್ಲ ಎಂದು ಎರಡನೇ ತಿಂಗಳಿಗೇ ನಿಲ್ಲಿಸುವವರು ಇಂಥ ಮಕ್ಕಳೇ.

ಗುರುವಾರ ಮೊದಲನೆಯದು ಆಯಿತು. ಶನಿವಾರ ಮಗ ಬಾಗಿಲಲ್ಲೇ ತಡೆದ: "ಇನ್ನಾ ಅದೇ ಅಂತಾನಲ್ರಿ, ಕಾಳ ಮುಗದಾವ ಅಂತ." ಅನ್ನುತ್ತಾರೆ. ಮೊದಲು ನಿದ್ದೆ, ಊಟ ಸರಿಯಾಗುತ್ತವೆ. ನಂಬಿಕೆ ಸಡಿಲಾಗುವುದು ಆಮೇಲೆ. ಚೀಲ ತೋರಿಸಿ ವಾದ ಮಾಡಿದರೆ ಭ್ರಮೆ ಹೋಗುವುದಿಲ್ಲ, ಮುದುಕನಿಗೆ ಅಂಜಿಕೆ ಹೆಚ್ಚುತ್ತದೆ ಅಷ್ಟೆ.

ಸೊಸೆ ಒಳಗೆ ಮಂಚದ ಪಕ್ಕ ಕೂತು ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸುತ್ತಿದ್ದಳು. ಅವಳು ವಾದ ಮಾಡುತ್ತಿರಲಿಲ್ಲ. "ಹುಡುಗ್ರು ಉಂಡಾರ್ರಿ ಮಾವ. ಇದು ಉಳದದ್ದು" ಅಂದಳು. ಮುತ್ಯಾ ಬಾಯಿ ತೆರೆದರು. ಹೊರಬರುವಾಗ ಕೇಳಿದಳು, ಸೋಮವಾರದ್ದಕ್ಕೆ ರಾತ್ರಿ ಎಷ್ಟಕ್ಕೆ ಉಣಿಸಬೇಕೆಂದು. ಕೈಯಲ್ಲಿ ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ಇವತ್ತಿನ ಸಾಲು: ಬೆಳಿಗ್ಗೆ ಕಾಲು, ಸಂಜೆ ಅರ್ಧ.